ನಾಲ್ಕನೆಯ ಸಾಲು

ಕೆಂಪು ಚುಕ್ಕೆಯ ಪಕ್ಕದಲ್ಲಿ ಟಿಕ್ ಇರಲಿಲ್ಲ. ಊರ್ಮಿಳಾ ತನ್ನ ಪಾಠದ ನೋಟ್‌ಬುಕ್ಕಿನ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಹಿಂದಿನ ಪುಟ ತಿರುಗಿಸಿದಳು, ಮುಂದಿನದನ್ನೂ ತಿರುಗಿಸಿದಳು. ಬೇರೆಲ್ಲ ಚುಕ್ಕೆಗಳಿಗೂ ಟಿಕ್ ಬಿದ್ದಿತ್ತು, ಇದೊಂದಕ್ಕೆ ಮಾತ್ರ ಇಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಯಾರೋ ಡಬ್ಬಿ ಬಿಚ್ಚಿ ಇಡ್ಲಿ ತಿನ್ನುತ್ತಿದ್ದರು, ಇನ್ಯಾರೋ ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದವರನ್ನು ಬಯ್ಯುತ್ತಿದ್ದರು. ಗಂಟೆ ಒಂಬತ್ತೂಕಾಲು. ಹನ್ನೆರಡಕ್ಕೆ ಪ್ರಿನ್ಸಿಪಾಲರ ಮೇಜಿಗೆ ಒಂದು ಆದೇಶ ಸಹಿಗೆ ಹೋಗುತ್ತದೆ. ಕಯಲ್‌ವಿಳಿ ಎಂಬ ಮೊದಲ ವರ್ಷದ ಹುಡುಗಿ ಪರೀಕ್ಷೆಯಲ್ಲಿ ನಕಲು ಮಾಡಿದ್ದಾಳೆ, ಈ ವರ್ಷದ ಉಳಿದ ಪರೀಕ್ಷೆಗಳಿಗೆ ಅವಳನ್ನು ಕೂರಿಸಬಾರದು, ಅವಳ ಶುಲ್ಕ ವಿನಾಯಿತಿಯನ್ನು ರದ್ದು ಮಾಡಬೇಕು ಎಂದು ಅದರಲ್ಲಿ ಬರೆದಿದೆ. ಕೆಳಗೆ ವಿಚಾರಣಾ ಸಮಿತಿಯ ಮೂವರ ಸಹಿ. ಮೂರನೆಯದು ಊರ್ಮಿಳಾಳದು, ದುಂಡಗೆ, ಚಂದವಾಗಿ, ನಿನ್ನೆ ಸಂಜೆ ನಾಲ್ಕು ಗಂಟೆಗೆ ಹಾಕಿದ್ದು.

ಹುಳುಕು ಹಾಕುವುದು ಅವಳ ಪದ್ಧತಿ. ಮೈಸೂರಿನ ಕಾಲೇಜಿನಲ್ಲಿ ಹದಿನೈದು ವರ್ಷ, ಗಂಡ ಚಂದ್ರಶೇಖರನಿಗೆ ಪೆರಂಬೂರಿನ ಕೋಚ್ ಕಾರ್ಖಾನೆಗೆ ವರ್ಗವಾಗಿ ಚೆನ್ನೈಗೆ ಬಂದ ಮೇಲೆ ಈ ಖಾಸಗಿ ಕಾಲೇಜಿನಲ್ಲಿ ಎರಡೂವರೆ ವರ್ಷ, ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಅವಳು ಹೀಗೆಯೇ ಕಲಿಸಿಕೊಂಡು ಬಂದಿದ್ದಳು. ಬೋರ್ಡಿನ ಮೇಲೆ ಎಂಟು ಸಾಲುಗಳ ಸತ್ಯ-ಸುಳ್ಳಿನ ಕೋಷ್ಟಕ ಬರೆಯುವುದು. ಒಂದು ಸಾಲಿಗೆ ಬೇಕೆಂದೇ ತಪ್ಪು ಉತ್ತರ ಹಾಕುವುದು. ತರಗತಿ ಮುಗಿಯುವಾಗ, ಇದರಲ್ಲೊಂದು ಹುಳುಕಿದೆ, ನಾಳೆ ಹುಡುಕಿಕೊಂಡು ಬನ್ನಿ ಎನ್ನುವುದು. ತನ್ನ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ಕೆಂಪು ಚುಕ್ಕೆ. ಮರುದಿನ ಮಕ್ಕಳ ಕೈಯಿಂದಲೇ ತಿದ್ದಿಸಿದ ಮೇಲೆ ಟಿಕ್. ಮೇಷ್ಟ್ರು ಬರೆದದ್ದೆಲ್ಲ ವೇದವಾಕ್ಯವಲ್ಲ ಎಂದು ಮಕ್ಕಳಿಗೆ ಗೊತ್ತಾಗಬೇಕು ಎಂಬುದು ಅವಳ ಹಟ. ಅದೇ ಕೋಷ್ಟಕವನ್ನು ಮುಂದಿನ ಕಿರುಪರೀಕ್ಷೆಯಲ್ಲಿ ಕೇಳಿಯೂ ಕೇಳುತ್ತಾಳೆ. ಬೋರ್ಡಿನ ಫೋಟೋ ತೆಗೆಯುವುದನ್ನು ಮಾತ್ರ ಅವಳು ಸಹಿಸುವುದಿಲ್ಲ. ಕೈಯಿಂದ ಬರೆದರೆ ತಲೆಗೆ ಹೋಗುತ್ತದೆ, ಫೋನಿಗೆ ಹೋದದ್ದು ಫೋನಿನಲ್ಲೇ ಇರುತ್ತದೆ ಎಂದು ಪ್ರತಿವರ್ಷ ಮೊದಲ ದಿನವೇ ಹೇಳಿಬಿಡುತ್ತಾಳೆ. ಮಕ್ಕಳು ತಲೆಯಾಡಿಸುತ್ತಾರೆ. ಆಮೇಲೆ ಗೇಟಿನ ಎದುರಿನ ಅಂಗಡಿಯಲ್ಲಿ ಹಳೆಯ ಹುಡುಗರ ನೋಟ್ಸನ್ನು ಜೆರಾಕ್ಸ್ ಮಾಡಿಸಿಕೊಂಡು ಹಾಯಾಗಿರುತ್ತಾರೆ.

ಮಳೆ ಬಂದು, ಕಾಲೇಜೂ ತೆರೆದಿದ್ದರೆ, ನಾನು ಕೊಡೆ ತರುತ್ತೇನೆ. ಆ ದಿನ ಅವಳು ಕೊಟ್ಟ ಉದಾಹರಣೆ ಇದು. ಎಂಟು ಸಾಲುಗಳಲ್ಲಿ ನಾಲ್ಕನೆಯದು: ಮಳೆ ಬಂತು, ಕಾಲೇಜು ತೆರೆಯಲಿಲ್ಲ, ಕೊಡೆ ತರಲಿಲ್ಲ. ಮಾತಿಗೆ ತಪ್ಪಿದಂತಾಯಿತೇ? ಇಲ್ಲ. ಕಾಲೇಜೇ ಇಲ್ಲದ ಮೇಲೆ ಕೊಡೆ ತಂದರೇನು, ಬಿಟ್ಟರೇನು, ಕೊಟ್ಟ ಮಾತು ಮುರಿಯಲಿಲ್ಲ. ಆದ್ದರಿಂದ ಆ ಸಾಲಿನ ಉತ್ತರ ಸತ್ಯ. ಅವಳು ಅಲ್ಲಿ ಸುಳ್ಳು ಎಂದು ಬರೆದಳು, ಅದೇ ಅಂದಿನ ಹುಳುಕು. ಬರೆದು ತಿರುಗುವಷ್ಟರಲ್ಲಿ ಸ್ಪೀಕರಿನಲ್ಲಿ ಪ್ರಕಟಣೆ ಬಂತು, ಭಾರಿ ಮಳೆಯ ಎಚ್ಚರಿಕೆ, ಈಗಿನಿಂದಲೇ ರಜೆ. ಅರವತ್ತು ಮಂದಿ ಹೋ ಎಂದು ಎದ್ದರು. ಗದ್ದಲದಲ್ಲಿ ಅವಳೂ ಚೀಲ ಎತ್ತಿಕೊಂಡಳು. ಕೊಡೆ ತಂದಿರಲಿಲ್ಲ, ಬಸ್‌ಸ್ಟಾಪಿನ ತನಕ ತೊಪ್ಪೆಯಾಗಿ ನಡೆಯುತ್ತ, ನೋಡು, ನಾಲ್ಕನೆಯ ಸಾಲು ನಾನೇ ಆದೆ ಎಂದು ಒಬ್ಬಳೇ ನಕ್ಕಿದ್ದಳು. ಅಷ್ಟು ನೆನಪಿದೆ. ಮುಂದಿನ ಬೆಂಚಿನಲ್ಲಿ ಒಬ್ಬಳು ಮಾತ್ರ ತಲೆಯೆತ್ತದೆ ಇನ್ನೂ ಬರೆಯುತ್ತಿದ್ದದ್ದು ಈಗ ನೆನಪಿಗೆ ಬರುತ್ತಿದೆ. ನಾಲ್ಕು ದಿನ ಕಾಲೇಜು ಮುಚ್ಚಿತ್ತು. ತೆರೆದ ದಿನ, ಪಾಠ ಹಿಂದೆ ಬಿತ್ತೆಂದು ಮುಂದಿನ ಅಧ್ಯಾಯಕ್ಕೆ ಹಾರಿದಳು. ಹುಳುಕಿದೆ ಎಂದು ಹೇಳಲೂ ಇಲ್ಲ, ತಿದ್ದಲೂ ಇಲ್ಲ.

ಥೂ, ಮರೆತದ್ದಕ್ಕೆ ಯಾರೂ ಯಾರನ್ನೂ ನೇಣಿಗೆ ಹಾಕುವುದಿಲ್ಲ. ನಿನ್ನೆ ಸಮಿತಿಯಲ್ಲಿ ಅವಳು ಆಡಿದ ಮಾತು ಮರೆವಲ್ಲ. ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿದ್ದು ಬೇರೆ ಸೆಕ್ಷನ್ನಿನವರು. ಅರವತ್ತರಲ್ಲಿ ಎರಡು ಪತ್ರಿಕೆಗಳಲ್ಲಿ ಮಾತ್ರ ನಾಲ್ಕನೆಯ ಸಾಲಿನಲ್ಲಿ ಒಂದೇ ಥರದ ತಪ್ಪು, ಆ ಇಬ್ಬರೂ ಪರೀಕ್ಷೆಯಲ್ಲಿ ಹಿಂದೆ ಮುಂದೆ ಕೂತವರು. ಮುಂದೆ ಪ್ರಣಮ್ಯಾ, ಹಿಂದೆ ಕಯಲ್‌ವಿಳಿ. ಪ್ರಣಮ್ಯಾಳ ತಂದೆ ಉಡುಪಿ ಕಡೆಯವರು, ಎಗ್ಮೋರಿನಲ್ಲಿ ಅವರ ಹೋಟೆಲು, ಕಾಲೇಜಿನ ಕ್ಯಾಂಟೀನೂ ಅವರದೇ. ಊರ್ಮಿಳಾ ಎಷ್ಟು ಸಲ ಕನ್ನಡದಲ್ಲಿ ಮಾತಾಡಿಸಿದರೂ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಉತ್ತರ ಕೊಡುತ್ತಿದ್ದ ಹುಡುಗಿ, ನಿನ್ನೆ ಸಮಿತಿಯ ಮುಂದೆ ನಿಂತು ಮೊತ್ತಮೊದಲ ಬಾರಿಗೆ ಕನ್ನಡ ಆಡಿದಳು. "ನಾನು ಯಾರದ್ದೂ ನೋಡಿ ಬರ್ದದ್ದಲ್ಲ ಮ್ಯಾಮ್, ದೇವ್ರಾಣೆ." ಅಷ್ಟಕ್ಕೇ ಊರ್ಮಿಳಾಳ ಮನಸ್ಸು ಬೆಣ್ಣೆಯಾಯಿತು. ತರ್ಕ ಕಲಿಸುವವಳು! ಭಾಷೆ ಕೇಳಿ ಸತ್ಯ ಅಳೆದಳು.

ಆಮೇಲೆ ಕಯಲ್‌ವಿಳಿ. ಕಾಸಿಮೇಡಿನ ಹುಡುಗಿ, ಅವಳ ತಾಯಿ ಬಂದರಿನ ಹರಾಜಿನಲ್ಲಿ ಮೀನು ಕೊಂಡು ಬೀದಿಯಲ್ಲಿ ಮಾರುವವಳು, ಇದು ಅವಳ ಅರ್ಜಿಯಲ್ಲೇ ಬರೆದಿತ್ತು. ಹುಡುಗಿ ಅಳಲಿಲ್ಲ, ದೇವರ ಆಣೆ ಹಾಕಲಿಲ್ಲ. "ನೀಂಗ ತಾನೇ ಮಿಸ್ ಎಳುದಿನೀಂಗ," ನೀವೇ ತಾನೇ ಬರೆದದ್ದು ಎಂದಳು, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಊರ್ಮಿಳಾ ಅದನ್ನು ಮುಟ್ಟಲಿಲ್ಲ. ಹದಿನೇಳೂವರೆ ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಷ್ಟು ಸುಲಭದ್ದನ್ನು ನಾನು ತಪ್ಪು ಬರೆಯುತ್ತೇನಾ ಎಂದು ಇಂಗ್ಲಿಷಿನಲ್ಲಿ ಕೇಳಿ, ಉಳಿದಿಬ್ಬರ ಕಡೆ ನೋಡಿ ನಕ್ಕಳು. ಅವರೂ ನಕ್ಕರು. ಸಮಿತಿಯ ಅಧ್ಯಕ್ಷರು ವಿಭಾಗದ ಮುಖ್ಯಸ್ಥ ಸುಶಮೀಂದ್ರ ಸರ್, ಅವರು ಕುರ್ಚಿಗೆ ಒರಗಿ, ಲಾಜಿಕ್ ಟೀಚರ್ ನೀವೇ ಹೇಳಿಬಿಡಿ ಮೇಡಂ ಎಂದರು. ಆಗ ಅವಳು ಎದ್ದು ನಿಂತಳು. ಎದ್ದು ನಿಲ್ಲಬೇಕಾದ ಅಗತ್ಯವೇ ಇರಲಿಲ್ಲ. ಒಂದೋ ಮುಂದಿನವಳು ಹಿಂದಿನವಳನ್ನು ನೋಡಿ ಬರೆದಿದ್ದಾಳೆ, ಇಲ್ಲವೇ ಹಿಂದಿನವಳು ಮುಂದಿನವಳನ್ನು ನೋಡಿ ಬರೆದಿದ್ದಾಳೆ, ಮೂರನೆಯ ದಾರಿಯಿಲ್ಲ. ಮುಂದೆ ಕೂತವಳು ಹಿಂದೆ ತಿರುಗಿ ನೋಡಲಾರಳು. ಆದ್ದರಿಂದ ಹಿಂದೆ ಕೂತವಳೇ. ಎಷ್ಟು ಸೊಗಸಾಗಿ ಹೇಳಿದ್ದಳು! ಎರಡರಲ್ಲೊಂದು, ಮೊದಲನೆಯದಲ್ಲ, ಹಾಗಾದರೆ ಎರಡನೆಯದು. ತರ್ಕದಲ್ಲಿ ಒಂದು ಕೂದಲಿನಷ್ಟೂ ದೋಷವಿಲ್ಲ. ಮೊದಲ ಮಾತೇ ಸುಳ್ಳಾಗಿತ್ತು, ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೂ ಒಪ್ಪಿಸಿದಳು, ಅವನು ಸಾರಿಗೆ ತುಪ್ಪ ಹಾಕಿಕೊಳ್ಳುತ್ತ, "ನಿನ್ನ ಬಾಯಿಗೆ ಸಿಕ್ಕಿದೋರು ಬದುಕೋದುಂಟಾ" ಎಂದು ಮೆಚ್ಚಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಬರೆ ಹಾಕಿದ್ದು ತಾನು, ಜ್ವರವೂ ತನ್ನದೇ.

ಅವಳು ತನ್ನ ನೋಟ್‌ಬುಕ್ ಎತ್ತಿಕೊಂಡು ಸುಶಮೀಂದ್ರರ ಕೋಣೆಗೆ ನಡೆದಳು. ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇರುವ ಮನೆತನ ಅವರದು. ಕನ್ನಡದವರು ಎಂದು ಹೇಳಿಕೊಳ್ಳಲು ಇಷ್ಟ, ಆಡುವ ಕನ್ನಡದಲ್ಲಿ ಅರ್ಧ ತಮಿಳು. ಈ ಕೆಲಸ ಕೊಡಿಸಿದ್ದು ಅವರೇ, ಅದನ್ನು ಅವರು ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದರು.

"ವಾಂಗೊ ವಾಂಗೊ, ಬನ್ನಿ ಊರ್ಮಿಳಾ ಮೇಡಂ. ಕಾಫಿ ಸಾಪಿಡ್ತೀರಲ್ಲ?"

"ಸರ್, ನಿನ್ನೆ ನಾವು ಮಾಡಿದ್ದು ತಪ್ಪು. ಆ ಉತ್ತರ ನಂದೇ. ಪಾಠಕ್ಕೋಸ್ಕರ ಬೇಕಂತ್ಲೇ ತಪ್ಪು ಬರ್ದಿದ್ದೆ, ತಿದ್ದೋದು ಮರ್ತುಹೋಯ್ತು. ಆ ಹುಡುಗಿ ಹೇಳಿದ್ದು ನಿಜ."

ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದವರು ಬಗ್ಗಿಸುತ್ತಲೇ ಇದ್ದರು. ಲೋಟವನ್ನು ಅವಳ ಮುಂದಿಟ್ಟು ಕೇಳಿದರು. "ಇದನ್ನ ಬೇರೆ ಯಾರ ಹತ್ರಾನಾದ್ರೂ ಸೊನ್ನೀರಾ? ಹೇಳಿದೀರಾ?"

"ಇಲ್ಲ."

"ನಲ್ಲದಾಪೋಚು, ಒಳ್ಳೇದಾಯ್ತು. ಹೇಳ್ಬೇಡಿ. ಇಲ್ಲಿ ನೋಡಿ ಮೇಡಂ, ಬೋರ್ಡಲ್ಲಿ ನೀವು ತಪ್ಪು ಬರ್ದಿದ್ರಿ, ಸರಿ. ಅದ್ರಿಂದ ಅವಳು ಕಾಪಿ ಹೊಡೀಲಿಲ್ಲ ಅಂತ ಆಗತ್ತಾ? ನೀವೇ ಲಾಜಿಕ್ ಟೀಚರ್. ಬೋರ್ಡಲ್ಲೂ ತಪ್ಪಿರಬಹುದು, ಅವಳು ಕಾಪೀನೂ ಹೊಡ್ದಿರಬಹುದು. ರೆಂಡುಂ ಇರ್ಕಲಾಂ ಇಲ್ಲಯಾ?"

ಎರಡೂ ಇರಬಹುದು. ನಿಜ. ಇದು ಸರಿಯಾದ ಮಾತು, ಅದಕ್ಕೇ ಅವಳ ಮೈಯೆಲ್ಲ ಉರಿಯಿತು. ಒಂದೇ ರಾತ್ರಿಯಲ್ಲಿ ಈ ಮನುಷ್ಯ ಎಷ್ಟು ಸೂಕ್ಷ್ಮವಾಗಿ ಯೋಚಿಸಲು ಕಲಿತುಬಿಟ್ಟ! ನಿನ್ನೆ ಎಲ್ಲಿ ಹೋಗಿತ್ತು ಈ ಬಹುದುಗಳೆಲ್ಲ? ನಿನ್ನೆ ಮೀನುಗಾರರ ಮನೆಯ ಹುಡುಗಿಗೆ ಒಂದೇ ಒಂದು ಬಹುದು ಸಿಗಲಿಲ್ಲ, ಇವತ್ತು ಕಾಲೇಜಿನ ಮಾನಕ್ಕೆ ಎಷ್ಟು ಬೇಕಾದರೂ ಸಿಗುತ್ತವೆ.

"ಕಾಪಿ ಹೊಡ್ದಿಲ್ಲ ಅಂತ ಅವಳು ಸಾಧಿಸಬೇಕಾಗಿಲ್ಲ ಸರ್. ಹೊಡ್ದಿದಾಳೆ ಅಂತ ನಾವು ಸಾಧಿಸಬೇಕು. ನಿನ್ನೆ ನಾನು ಸಾಧಿಸಿದ್ದು ಒಂದೇ ಮಾತಿಂದ, ಮೂರನೇ ದಾರಿ ಇಲ್ಲ ಅಂತ. ಮೂರನೇ ದಾರಿ ನಾನೇ."

"ಕೋಪ ಮಾಡ್ಕೋಬೇಡಿ, ಕೊಂಜ ಯೋಚ್ನೆ ಮಾಡಿ." ಅವರ ದನಿ ಮೆತ್ತಗಾಯಿತು. "ನಿಮ್ಮ ಕೆಲಸದ ಕನ್ಫರ್ಮೇಶನ್ ಫೈಲು ಇದೇ ವಾರ ಮೇಲೆ ಹೋಗ್ಬೇಕು. ತುಂಬಾ ಸ್ಟ್ರಾಂಗ್ ಟೀಚರ್ ಅಂತ ನಾನೇ ನೋಟ್ ಹಾಕಿದೀನಿ, ನಮ್ಮವರು ಅಂತ. ಇಪ್ಪೋ, ಈಗ, ನೀವೇ ಹೋಗಿ, ನಾನು ತಪ್ಪು ಪಾಠ ಮಾಡ್ದೆ, ತಪ್ಪು ಸಾಕ್ಷಿ ಹೇಳ್ದೆ ಅಂದ್ರೆ ನನ್ನ ಮುಖ ಎಲ್ಲಿಡೋದು? ಆ ಹುಡುಗಿ ಚಿನ್ನ ಪೊಣ್ಣು, ಚಿಕ್ಕವಳು. ಮುಂದಿನ ವರ್ಷ ಬರ್ದ್ಕೊಳ್ತಾಳೆ. ಕಾಫಿ ಆರ್‌ಹೋಗತ್ತೆ, ಕುಡೀರಿ."

ಅವಳು ಕುಡಿದಳು. ಇದನ್ನು ಆಮೇಲೆ ಎಷ್ಟು ತಿರುವಿ ಹಾಕಿದರೂ ಅವಳಿಗೆ ಅರ್ಥವಾಗಲಿಲ್ಲ. ಅಷ್ಟು ಸಿಟ್ಟಿನಲ್ಲೂ ಆ ಕಾಫಿಯನ್ನು ತಳದ ಸಕ್ಕರೆಯವರೆಗೂ ಕುಡಿದು, ಬರ್ತೀನಿ ಸರ್ ಎಂದು ಎದ್ದು ಬಂದಳು. ಅವಳು ಹಾಗೆ ಬೆಳೆದವಳು. ದೊಡ್ಡವರು ಕೊಟ್ಟದ್ದನ್ನು ಬಿಡಬಾರದು, ಲೋಟ ಅರ್ಧಕ್ಕೆ ಇಡಬಾರದು. ಚಿಕ್ಕಂದಿನಲ್ಲಿ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಏಳೆಂಟಲಿ ಐವತ್ತನಾಲ್ಕು ಎಂದು ಬರೆದಾಗ, ಐವತ್ತಾರು ಸರ್ ಎಂದು ಎದ್ದು ನಿಂತಿದ್ದಕ್ಕೆ ಗೆಣ್ಣಿನ ಮೇಲೆ ಬಿದ್ದ ಸ್ಕೇಲಿನ ಏಟು ಅವಳಿಗೆ ನೆನಪಾಯಿತು. ಅವತ್ತೇ ತಾನೆ ಅವಳು ನಿಶ್ಚಯಿಸಿದ್ದು, ತಾನು ಟೀಚರಾದರೆ ಮಕ್ಕಳು ತನ್ನ ತಪ್ಪು ಹುಡುಕಲಿ ಎಂದು. ಆ ಹುಳುಕಿನ ಪದ್ಧತಿಗೆ ಬೇರು ಇದ್ದದ್ದು ಅಲ್ಲಿ. ಈಗ ಬೇಲಿಯೇ ಎದ್ದು ಹೊಲ ಮೇಯ್ದಿದೆ, ಸಾಲದ್ದಕ್ಕೆ ಹೊಲದ ಮೇಲೇ ದೂರು ಕೊಟ್ಟಿದೆ.

ಆಫೀಸಿನ ಎದುರಿನ ಬೆಂಚಿನಲ್ಲಿ ಕಯಲ್‌ವಿಳಿ ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ, ಬೆಳಗಿನ ಹರಾಜು ಮುಗಿಸಿ ನೇರವಾಗಿ ಬಂದಿರಬೇಕು, ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ಹಿಂದಕ್ಕೆ ಹೋಗಿ ಇನ್ನೊಂದು ಮೆಟ್ಟಿಲಿನಿಂದ ಇಳಿದುಬಿಡೋಣ ಎಂದು ಊರ್ಮಿಳಾಳಿಗೆ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಅಷ್ಟರಲ್ಲಿ ಆ ಹೆಂಗಸು ಎದ್ದು ನಿಂತು ಕೈ ಮುಗಿದಳು. "ನೇತ್ತೇ ಅಡಿಚ್ಚಿಟ್ಟೇನ್ ಟೀಚರ್," ನಿನ್ನೆಯೇ ಹೊಡೆದುಬಿಟ್ಟೆ ಎಂದಳು, ಅದೊಂದು ಕೆಲಸ ಮುಗಿಸಿದೆ ಎಂಬ ಹಾಗೆ. ಟೀಚರ್ ಬೋರ್ಡಲ್ಲಿ ತಪ್ಪು ಬರೆದರು ಅಂತ ಮನೆಗೆ ಬಂದೂ ಅದೇ ಸುಳ್ಳು ಹೇಳಿದಳು, ಟೀಚರ್ ಎಲ್ಲಾದರೂ ತಪ್ಪು ಬರೆಯುತ್ತಾರಾ, ಅದಕ್ಕೇ ಕೊಟ್ಟೆ, ನೀವು ದೊಡ್ಡ ಮನಸ್ಸು ಮಾಡಿ ಈ ಸಲ ಬಿಟ್ಟುಬಿಡಿ ಎಂದು ತಮಿಳಿನಲ್ಲಿ ಬಡಬಡನೆ ಹೇಳಿಕೊಂಡಳು. ಊರ್ಮಿಳಾಳ ಹರುಕು ತಮಿಳಿಗೂ ಪ್ರತಿಯೊಂದು ಮಾತು ಅರ್ಥವಾಯಿತು. ಹುಡುಗಿಯ ಎಡಗೆನ್ನೆ ಸ್ವಲ್ಪ ಊದಿತ್ತು. ಅವಳು ಗೋಡೆಯ ಮೇಲಿನ ಟೈಮ್‌ಟೇಬಲ್ ನೋಡುತ್ತಿದ್ದಳು.

"ನೋಟ್‌ಬುಕ್ ಕೊಡಮ್ಮಾ," ಎಂದಳು ಊರ್ಮಿಳಾ.

ಕಯಲ್ ಕೊಡಲಿಲ್ಲ. ನಿನ್ನೆ ಕೊಟ್ಟೆನಲ್ಲ ಮಿಸ್, ಯಾಕೆ ನೋಡಲಿಲ್ಲ ಎಂದು ತಮಿಳಿನಲ್ಲಿ ಕೇಳಿದಳು. ದನಿ ಏರಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ, ತರಗತಿಯಲ್ಲಿ ಕೇಳಬೇಕಾದಂಥದ್ದು. ಅದಕ್ಕೆ ಉತ್ತರ ಊರ್ಮಿಳಾಳಿಗೆ ಗೊತ್ತಿತ್ತು. ಬೆಳಗಿನಿಂದ ಅದನ್ನೇ ಅವಳು ಸುತ್ತಿ ಸುತ್ತಿ ಬಿಟ್ಟು ಹೋಗುತ್ತಿದ್ದದ್ದು. ನಿನ್ನೆ ಆ ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಬಂದಾಗ, ಅದಕ್ಕೆ ಮೀನಿನ ವಾಸನೆ ಇರುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಬಂದಿತ್ತು ಎಂದಲ್ಲ, ಇರುತ್ತದೆ ಎಂದು. ಮುಟ್ಟಿದರೆ ಕೈ ತೊಳೆಯಬೇಕು, ಎದ್ದು ಹೋಗಿ ತೊಳೆದರೆ ಎಲ್ಲರಿಗೂ ಕಾಣುತ್ತದೆ, ಅದರ ಬದಲು ಮುಟ್ಟದಿರುವುದೇ ವಾಸಿ. ಇಷ್ಟೇ. ಒಂದು ಹುಡುಗಿಯ ವರ್ಷ ಮುಳುಗಿದ್ದು ಇಷ್ಟಕ್ಕೆ. ಮೂರನೆಯ ದಾರಿಯಿಲ್ಲ ಎಂದು ಎದ್ದು ನಿಂತು ಭಾಷಣ ಬಿಗಿದದ್ದೆಲ್ಲ ಈ ಅಸಹ್ಯದ ಮೇಲೆ ಹೊದಿಸಿದ ಜರಿ ಶಾಲು. ಇದನ್ನು ಯಾವ ಭಾಷೆಯಲ್ಲಿ ಹೇಳುವುದು? "ತಪ್ಪು ನಂದು," ಎಂದಷ್ಟೇ ಅಂದಳು, "ಎನ್ನೋಡ ತಪ್ಪು," ಎಂದು ತಮಿಳಿನಲ್ಲೂ ಅಂದಳು. ತಾಯಿ ಒಮ್ಮೆ ಇವಳ ಮುಖ, ಒಮ್ಮೆ ಮಗಳ ಕೆನ್ನೆ ನೋಡಿ, ಮೆಲ್ಲನೆ ಬೆಂಚಿನ ಮೇಲೆ ಕೂತುಬಿಟ್ಟಳು.

ಕಯಲ್ ಆಗ ನೋಟ್‌ಬುಕ್ ಕೊಟ್ಟಳು. ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ್ದ, ಮಳೆಗೆ ಅಂಚು ಮುದುರಿದ ನೋಟ್‌ಬುಕ್. ಯಾವ ವಾಸನೆಯೂ ಇರಲಿಲ್ಲ. ಆ ದಿನದ ತಾರೀಖು, ಎಂಟು ಸಾಲು, ನಾಲ್ಕನೆಯದರಲ್ಲಿ ತಾನು ಬರೆದ ಸುಳ್ಳು. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ತಮಿಳಿನಲ್ಲಿ ಏನೋ ಬರೆದಿತ್ತು. ಊರ್ಮಿಳಾಳಿಗೆ ಬಸ್ಸಿನ ಬೋರ್ಡು ಓದುವಷ್ಟು ತಮಿಳು ಬರುತ್ತಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮಿಸ್‌ಕಿಟ್ಟ ಕೇಕ್ಕಣುಂ. ಮಿಸ್ ಹತ್ತಿರ ಕೇಳಬೇಕು.

ಹುಡುಕಿದ್ದಳು. ಅರವತ್ತು ಮಂದಿಯಲ್ಲಿ ಇವಳೊಬ್ಬಳು, ಯಾರೂ ಹೇಳದೆಯೇ, ಹುಳುಕು ಹುಡುಕಿದ್ದಳು. "ಯಾಕಮ್ಮಾ ಕೇಳಲಿಲ್ಲ?" ಎಂದರೆ, ಕಾಲೇಜು ತೆರೆದ ಮೇಲೆ ನೀವು ಮುಂದಿನ ಪಾಠಕ್ಕೆ ಹೋದಿರಿ, ನೀವು ಬರೆದದ್ದು ಸರಿಯೇ ಇರಬೇಕು, ನನಗೇ ಅರ್ಥವಾಗಿಲ್ಲ ಅಂದುಕೊಂಡೆ ಎಂದಳು. ಪರೀಕ್ಷೆಯಲ್ಲಿ ನನಗೆ ಅನ್ನಿಸಿದ್ದನ್ನು ಬಿಟ್ಟು ನೀವು ಬರೆದದ್ದನ್ನೇ ಬರೆದೆ. ಪ್ರಣಮ್ಯಾ ಈ ನೋಟ್ಸನ್ನೇ ಜೆರಾಕ್ಸ್ ಮಾಡಿಸಿಕೊಂಡಿದ್ದು, ಅದನ್ನೂ ನಿನ್ನೆ ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ.

ಹನ್ನೊಂದಕ್ಕೆ ಊರ್ಮಿಳಾಳ ತರಗತಿ. ಅವಳು ನೇರವಾಗಿ ಅಲ್ಲಿಗೆ ಹೋದಳು, ಹೋಗುವಾಗ, ನನ್ನ ಜೊತೆ ಬಾ ಎಂದು ಕಯಲ್‌ಳನ್ನು ಕರೆದಳು. ಹಾಜರಿ ಕೂಗಲಿಲ್ಲ. ಬೋರ್ಡಿನ ಮೇಲೆ ಆ ಮಳೆಯ ದಿನದ ತಾರೀಖು ಬರೆದು, ಎಂಟು ಸಾಲುಗಳನ್ನೂ ಬರೆದು, ನಾಲ್ಕನೆಯದರಲ್ಲಿ ಸುಳ್ಳು ಎಂದೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು: ಈ ತಪ್ಪನ್ನು ಬೋರ್ಡಿನ ಮೇಲೆ ಬರೆದವಳು ನಾನು, ತಿದ್ದದೆ ಬಿಟ್ಟವಳೂ ನಾನು, ವಿಚಾರಣೆಯಲ್ಲಿ ಬರೆದಿಲ್ಲ ಎಂದವಳೂ ನಾನು. ಕಯಲ್‌ವಿಳಿಯ ಮೇಲಿನ ಆರೋಪಕ್ಕೆ ಆಧಾರವಿಲ್ಲ. ನನ್ನ ಸಹಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆಮೇಲೆ ನಿನ್ನೆ ಹಾಕಿದ ಸಹಿಯನ್ನೇ, ಅಷ್ಟೇ ದುಂಡಗೆ, ಬಳಪದಲ್ಲಿ ಹಾಕಿದಳು.

"ಫೋನ್ ತೆಗೀರಿ," ಎಂದಳು. ಯಾರೂ ಅಲ್ಲಾಡಲಿಲ್ಲ. ಇದೂ ಒಂದು ಪರೀಕ್ಷೆಯಿರಬಹುದೆಂದು ಅವರಿಗೆ ಅನುಮಾನ. "ಫೋಟೋ ತೆಗೀರಿ ಅಂದೆ. ಎಲ್ಲರೂ. ಕ್ಲಾಸಿನ ಗ್ರೂಪಿಗೆ ಹಾಕಿ, ಪ್ರಿನ್ಸಿಪಾಲರಿಗೂ ಕಳಿಸಿ, ಹನ್ನೆರಡು ಗಂಟೆಯೊಳಗೆ." ಒಂದು ಫೋನ್ ಎದ್ದಿತು, ಹತ್ತು ಎದ್ದವು, ಐವತ್ತು ಎದ್ದವು. ಮೂರನೆಯ ಸಾಲಿನಿಂದ ಪ್ರಣಮ್ಯಾ ಎದ್ದು ನಿಂತಳು, ಕಣ್ಣಲ್ಲಿ ನೀರಿತ್ತು. "ನಂದು ಅವಳ ನೋಟ್ಸಿನ ಜೆರಾಕ್ಸ್ ಮ್ಯಾಮ್. ಅಪ್ಪ ಹೇಳ್ಬೇಡ ಅಂದಿದ್ರು." ಈ ಸಲದ ಕನ್ನಡ ಕೇಳಿ ಊರ್ಮಿಳಾಳ ಮನಸ್ಸು ಕರಗಲಿಲ್ಲ. ಅದನ್ನು ಬರೆದು ಸಹಿ ಮಾಡಿ ಆಫೀಸಿಗೆ ಕೊಡು ಎಂದಳು. ಚೀಲದೊಳಗೆ ಅವಳ ಫೋನು ಗುರುಗುಟ್ಟತೊಡಗಿತು, ಸುಶಮೀಂದ್ರ ಸರ್ ಇರಬೇಕು, ಗುರುಗುಟ್ಟಿ ನಿಂತು ಮತ್ತೆ ಶುರುವಾಯಿತು. ಕೆಲಸ ಹೋದರೆ ಹೋಯಿತು. ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ ಫೋನು ಎತ್ತದೆ ನಿಂತಳು.

ಕಯಲ್ ಬಾಗಿಲಿನ ಒಳಗೆ, ಗೋಡೆಗೆ ಅಂಟಿ ನಿಂತಿದ್ದಳು. ಊರ್ಮಿಳಾ ಬಳಪವನ್ನು ಅವಳ ಕಡೆ ಚಾಚಿದಳು. ಪದ್ಧತಿಯಂತೆ ಹುಳುಕು ಹುಡುಕಿದವರೇ ತಿದ್ದಬೇಕು. ತಿದ್ದಿದ ಮೇಲೆ ತಾನು ನಗುತ್ತಾಳೆ, ಹುಡುಗರು ಚಪ್ಪಾಳೆ ತಟ್ಟುತ್ತಾರೆ, ಕೆಂಪು ಚುಕ್ಕೆಯ ಪಕ್ಕ ಟಿಕ್ ಬೀಳುತ್ತದೆ. ಬಾ ಎಂದು ತಲೆಯಾಡಿಸಿ ಕರೆದಳು.

ಹುಡುಗಿ ಬಳಪವನ್ನು ನೋಡಿದಳು, ಆಮೇಲೆ ಅದನ್ನು ಹಿಡಿದ ಕೈಯನ್ನು ನೋಡಿದಳು. ನಿಂತಲ್ಲಿಂದ ಕದಲಲಿಲ್ಲ.

"ನೀಂಗಳೇ ತಿರುತ್ತುಂಗ, ಮಿಸ್."

ನೀವೇ ತಿದ್ದಿ. ಊರ್ಮಿಳಾ ಬೋರ್ಡಿನ ಕಡೆ ತಿರುಗಿದಳು. ಡಸ್ಟರು ಕಾಣಲಿಲ್ಲ, ಅಂಗೈಯಿಂದ ಒರೆಸಿ, ಸುಳ್ಳು ಇದ್ದ ಜಾಗದಲ್ಲಿ ಸತ್ಯ ಎಂದು ಬರೆದಳು. ಹುಡುಗರು ಎಲ್ಲರೂ ಪುಸ್ತಕ ತೆರೆದು ತಿದ್ದಿಕೊಳ್ಳಲು ಶುರುಮಾಡಿದರು. ಕಯಲ್‌ವಿಳಿ ತನ್ನ ಮುಂದಿನ ಬೆಂಚಿಗೆ ಬಂದು ಕೂತಳು, ನೋಟ್‌ಬುಕ್ ತೆರೆದಳು, ಬರೆದುಕೊಳ್ಳಲಿಲ್ಲ. ಪೆನ್ಸಿಲ್ ಹಿಡಿದು, ಬೋರ್ಡಿನ ಮೇಲಿನ ಎಂಟು ಸಾಲುಗಳನ್ನೂ ಮೊದಲಿನಿಂದ ಒಂದೊಂದಾಗಿ ಪರೀಕ್ಷಿಸತೊಡಗಿದಳು.